ಇಲ್ಲದ ಗೂಟದ ಗುಳಿ

ಅಗೆಯುವುದನ್ನು ಓದಿ ಏನಾಗ್ತೀಯೆ ಅಂತ
ನಿನ್ನ ಸೋದರಮಾವ ಕೇಳಿದಾಗ
ನೀನು ನನ್ನ ಮುಖ ನೋಡಿದೆ, ದಹಿಬಾ.
ನಾನು ಫೂಲಿನ ಬಟ್ಟಲಿಗೆ ರೊಟ್ಟಿ ಅದ್ದುತ್ತ ಸುಮ್ಮನಿದ್ದೆ.
ಬಾಯಲ್ಲಿ ತುತ್ತಿದ್ದವನನ್ನು ಯಾರೂ ಉತ್ತರ ಕೇಳುವುದಿಲ್ಲ.

ಈಗ ಅವನು ದೋಣಿ ಹತ್ತಿ ಹೋದ. ಕೂತುಕೋ.

ಮೂವತ್ತೊಂದು ಚಳಿಗಾಲ ಆ ದಿಬ್ಬದ ಮೇಲೆ ನಾನು.
ಮೊದಲು ಬುಟ್ಟಿ, ಆಮೇಲೆ ಸನಿಕೆ,
ಒಂದು ದಿನ ಕೈಗೆ ಕರಣಿ ಬಂತು,
ಅದರ ಬೆನ್ನಿಗೇ ರಯಿಸ್ ಎನ್ನುವ ಹೆಸರು.
ನಿಮಿತ್ತಿ ನೊಣ ಕಿವಿ, ಮೂಗು, ಕಣ್ಣು ಒಂದನ್ನೂ ಬಿಡದ ಆ ತಿಂಗಳುಗಳಲ್ಲಿ
ಮೊಣಕಾಲೂರಿ
ಎಷ್ಟು ಮಕ್ಕಳಿಗೆ ತೋರಿಸಿದೆನೋ:
ಇಲ್ಲಿ ನೋಡಿ, ಮಣ್ಣು ಒಂದು ಬೆರಳು ಕಪ್ಪಗಿದೆ,
ಇದು ಗೂಟವಿದ್ದ ಗುಳಿ.
ಮರ ಗೆದ್ದಲಿಗೆ ಹೋಗಿ ಮೂರು ಸಾವಿರ ವರ್ಷವಾಯಿತು,
ಗುಂಡಗಿದ್ದ ಅದರ ನೆರಳು ಮಾತ್ರ ಹೋಗಿಲ್ಲ.

ಕಂಡವರೆಲ್ಲ ಕಂಡೆ ಎನ್ನಲಿಲ್ಲ.
ಕೆಲವರು ಟಿಪ್ಪಣಿಯಲ್ಲಿ ಬರೆದುಕೊಂಡರು.

ಅವರೇನಾದರು ಅಂತ ತಾನೆ ನಿನ್ನ ಪ್ರಶ್ನೆ?
ಉದ್ದ ಜಡೆಯ ಒಬ್ಬಳು, ಮೂಳೆ ಕಂಡರೆ ಬೆವರುತ್ತಿದ್ದವಳು,
ಎಲ್ಲೋ ಸಮುದ್ರದಾಚೆ
ಹೆಸರಿಲ್ಲದೆ ಹೂತವರ ಮೂಳೆ ಓದಿ ಹೆಸರು ಹುಡುಕುತ್ತಾಳಂತೆ,
ನ್ಯಾಯಾಲಯ ಅವಳಿಗೆ ಕುರ್ಚಿ ಕೊಡುತ್ತದಂತೆ.
ಇನ್ನೊಬ್ಬ ಹೆದ್ದಾರಿ ಯಂತ್ರದ ಮುಂದೆ ನಡೆಯುತ್ತಾನೆ,
ಕೈಯೆತ್ತಿದರೆ ಅಷ್ಟು ದೊಡ್ಡ ಯಂತ್ರ ನಿಲ್ಲಬೇಕು;
ಸಂಬಳ ಮಾತ್ರ ಯಂತ್ರ ಓಡಿಸುವವನಿಗೇ ಹೆಚ್ಚು.
ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಒಬ್ಬಳು
ನಾನು ತೊಳೆದ ಬೋಕಿಗಳಿಗೆ ಅಂಟು ಹಚ್ಚುತ್ತ ಕೂದಲು ಹಣ್ಣು ಮಾಡಿಕೊಂಡಳು.
ಮತ್ತೆ ಆ ತೆಳ್ಳನೆಯ ಹುಡುಗ, ಬಹಳ ಚುರುಕು,
ವಿಮೆ ಮಾರುತ್ತಾನೆ.
ಅವನೊಬ್ಬನೇ ಪ್ರತಿ ಈದ್‌ಗೆ ಕೇಳುವವನು:
ರಯಿಸ್, ಪೂರ್ವದ ಗೋಡೆ ನಿಂತಿದೆಯಾ?

ನಿಂತಿದೆ ಅನ್ನುತ್ತೇನೆ. ಅರ್ಧ ನಿಂತಿದೆ.

ನಿನಗೆ ಚಿನ್ನವೆಂದು ಹೆಸರಿಟ್ಟವಳು ಅಜ್ಜಿ.
ಅಲ್ಲಿ ಚಿನ್ನ ಸಿಗುವುದಿಲ್ಲ ಮಗಳೆ.
ನನಗೆ ಸಿಕ್ಕಿದ್ದು ಒಂದು ಮಡಕೆ,
ಕಂಠದ ಒಳಗೆ ಮಾಡಿದವಳ ಹೆಬ್ಬೆರಳ ಗುರುತು.
ನನ್ನ ಹೆಬ್ಬೆರಳು ಇಟ್ಟು ನೋಡಿದೆ,
ಯಾರೂ ನೋಡದಾಗ.
ಹಿಡಿಸಲಿಲ್ಲ. ಚಿಕ್ಕ ಕೈ ಅವಳದು,
ನಿನ್ನಷ್ಟು.

ಒಂದು ವಿಷಯ ನಿನ್ನಮ್ಮನಿಗೂ ಹೇಳಿಲ್ಲ.
ಫೋಟೋ ತೆಗೆಯುವ ಮುನ್ನ ಕುಣಿಯನ್ನು ಗುಡಿಸಬೇಕು.
ಗುಡಿಸುತ್ತ ಗುಡಿಸುತ್ತ ಹಿಂದೆ ಹಿಂದೆ ಸರಿದು
ಕೊನೆಗೆ ನನ್ನ ಹೆಜ್ಜೆಯನ್ನೇ ನಾನು ಅಳಿಸಿ ಮೇಲೆ ಹತ್ತಬೇಕು.
ಆಗ ಯಾರೋ ಕೂಗುತ್ತಾರೆ, ರಯಿಸ್, ಇನ್ನೂ ಆಚೆ,
ನಿಮ್ಮ ನೆರಳು ಬೀಳುತ್ತಿದೆ.
ಅವರು ಕೊಟ್ಟ ದಪ್ಪ ಪುಸ್ತಕದಲ್ಲಿ ಎಲ್ಲ ಕುಣಿಯೂ ಇದೆ,
ಸಾವಿರ ವರ್ಷದಿಂದ ಯಾರೂ ಕಾಲಿಡದ ಹಾಗೆ ಸ್ವಚ್ಛ.
ಕೊನೆಯ ಪುಟದ ಕೃತಜ್ಞತೆಯಲ್ಲಿ ನನ್ನ ಹೆಸರು,
ಒಂದಕ್ಷರ ತಪ್ಪಾಗಿ.

ನನಗೇನೂ ಬೇಸರವಿಲ್ಲ.
ಸ್ವಲ್ಪ ಇದೆ.

ಖಾರ್ತೂಮಿನ ತರಗತಿಗಳು ಯುದ್ಧದಲ್ಲಿ ಚದುರಿದವು,
ಈಗ ಬೇರೆ ಊರಿನ ಬಾಡಿಗೆ ಕೋಣೆಯಲ್ಲಿ ಪಾಠವಂತೆ.
ಆಗಲಿ. ನಾವು ಓದುವುದೇ
ಸುಟ್ಟ ಪದರದ ಮೇಲೆ ಮತ್ತೆ ಕಟ್ಟಿದವರನ್ನು.

ಅರ್ಜಿ ತಾ ಇಲ್ಲಿ.
ತಂದೆಯ ಉದ್ಯೋಗ ಎನ್ನುವಲ್ಲಿ ಕೂಲಿ ಅಂತ ಬರೆದಿದ್ದೀಯ,
ತಪ್ಪೇನಲ್ಲ, ನಾನೇ ಹಾಗೆ ಹೇಳುತ್ತ ಬಂದವನು.
ಅಳಿಸಬೇಡ. ಅದರ ಪಕ್ಕದಲ್ಲಿ ಬರೆ:
ಮಣ್ಣಿನ ಬಣ್ಣ ಓದುತ್ತಾರೆ.
ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡು.

ಶುಲ್ಕದ ದುಡ್ಡು ಖರ್ಜೂರದ ಡಬ್ಬಿಯಲ್ಲಿದೆ, ಎಣಿಸಿಕೋ.
ಮುಂದೆ ನೀನು ಕ್ಯಾಮೆರಾ ಹಿಡಿದು ಕುಣಿಯ ಅಂಚಿಗೆ ನಿಂತಾಗ
ಗುಡಿಸಿದವರ ನೆರಳು ಒಂದಿಷ್ಟು ಬಿದ್ದರೆ
ಬೀಳಲಿ ಬಿಡು.